ಮುಚ್ಚಳದ ಹಿಂದಿನ ತಂತಿ

ಕಡಮೆ ಬೆಲೆಯ ಪಿಕಪ್ ವಾಹನವೊಂದರ ಚಾಲಕಪೀಠದಲ್ಲಿ ಕುಳಿತು ಡ್ಯಾಶ್‌ಬೋರ್ಡನ್ನು ಸಾವಧಾನವಾಗಿ ನೋಡಿದವರಿಗೆ, ದುಡಿಯುವ ಸ್ವಿಚ್ಚುಗಳ ಸಾಲಿನ ನಡುವೆ ಯಾವ ಗುರುತೂ ಇಲ್ಲದ, ಒತ್ತಿದರೆ ಕದಲದ, ಕೇವಲ ರಂಧ್ರವೊಂದನ್ನು ಮರೆಮಾಡುವುದಕ್ಕೆಂದೇ ಕೂರಿಸಿದ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳಗಳು ಒಂದೆರಡಾದರೂ ಕಣ್ಣಿಗೆ ಬೀಳದಿರಲಾರವು. ಅವು ಅಲ್ಲಿ ಮಾಡುವ ಕೆಲಸವೇನೂ ಇಲ್ಲ. ಆದರೂ ಹೇಳುವ ಮಾತನ್ನು ಸ್ಪಷ್ಟವಾಗಿಯೇ ಹೇಳುತ್ತವೆ: ಇದೇ ಸ್ಥಳದಲ್ಲಿ ಇನ್ನೊಬ್ಬನ ಗಾಡಿಯಲ್ಲಿ ಸೌಕರ್ಯವೊಂದುಂಟು, ನಿನ್ನದರಲ್ಲಿ ಇಲ್ಲ. ಮುಚ್ಚಳವನ್ನು ಮೆಲ್ಲನೆ ಎಬ್ಬಿಸಿ ಒಳಗೆ ದೀಪ ಹಿಡಿದರಂತೂ ವಿಷಯವು ಮತ್ತಷ್ಟು ಸ್ವಾರಸ್ಯಕರವಾಗುತ್ತದೆ; ಏಕೆಂದರೆ ಅನೇಕ ವೇಳೆ ಅಲ್ಲಿ ತಂತಿಗಳ ಕಟ್ಟಿನ ತುದಿಯಲ್ಲಿ ಯಾವುದಕ್ಕೂ ಸೇರದ ಕನೆಕ್ಟರ್ ಒಂದು, ಬಾರದ ಅತಿಥಿಗಾಗಿ ಹಾಕಿಟ್ಟ ಎಲೆಯಂತೆ, ಸಿದ್ಧವಾಗಿ ಕಾದಿರುತ್ತದೆ.

ಇಲ್ಲದ ವಸ್ತುವಿಗೆ ಇಷ್ಟು ಸಿದ್ಧತೆ ಏತಕ್ಕೆ ಎಂದು ಕೇಳಿದರೆ, ಉತ್ತರವು ಕಾರ್ಖಾನೆಯ ಅರ್ಥಶಾಸ್ತ್ರದಲ್ಲಿದೆ. ಡ್ಯಾಶ್‌ಬೋರ್ಡನ್ನು ಎರಕಹೊಯ್ಯುವ ಅಚ್ಚು ಬಹು ದುಬಾರಿಯಾದ ಸಾಧನ. ಅಗ್ಗದ ಶ್ರೇಣಿಗೊಂದು, ಮಧ್ಯಮ ಶ್ರೇಣಿಗೊಂದು, ವೈಭವದ ಶ್ರೇಣಿಗೊಂದು ಎಂದು ಮೂರು ಅಚ್ಚುಗಳನ್ನು ಮಾಡಿಸುವುದಕ್ಕಿಂತ, ಎಲ್ಲಕ್ಕೂ ಹೊಂದುವ ಒಂದನ್ನೇ ಮಾಡಿಸಿ, ಬೇಡದ ಕಡೆ ರಂಧ್ರಗಳನ್ನು ಮುಚ್ಚಿಬಿಡುವುದು ಲಾಭಕರ. ಲೋಹದ ಕವಚದ ವಿಷಯದಲ್ಲಿಯೂ ಹೀಗೆಯೇ: ಛಾವಣಿಯ ಕೆಳಗಿನ ಪೆಟ್ಟಿಗೆಗೆ, ಬಾಗಿಲ ಪಕ್ಕದ ಹಿಡಿಗೆ, ಮುಂಭಾಗದ ಮಂಜುದೀಪಕ್ಕೆ ಬೇಕಾದ ತೂತುಗಳೂ ಬೆಸೆದ ನಟ್ಟುಗಳೂ ಶ್ರೇಣಿಭೇದವಿಲ್ಲದೆ ಎಲ್ಲ ಗಾಡಿಗಳಲ್ಲಿಯೂ ಇರುವುದುಂಟು. ತಂತಿಯ ಕಟ್ಟು ಮಾತ್ರ ಇವೆರಡಕ್ಕಿಂತ ಸ್ವಲ್ಪ ಜಟಿಲ. ಅದನ್ನು ಹಲಗೆಯ ಮೇಲೆ ಬಹುಮಟ್ಟಿಗೆ ಕೈಯಿಂದಲೇ ಹೆಣೆಯಬೇಕಾಗಿರುವುದರಿಂದ, ಕೆಲವು ತಂತಿಗಳನ್ನು ವ್ಯರ್ಥವಾಗಿ ಸೇರಿಸುವುದು ಅಗ್ಗವೋ, ಅವಿಲ್ಲದ ಇನ್ನೊಂದು ಬಗೆಯ ಕಟ್ಟನ್ನು ಬೇರೆಯಾಗಿ ಮಾಡಿಸಿ, ಬೇರೆ ಸಂಖ್ಯೆ ಕೊಟ್ಟು, ಬೇರೆಯಾಗಿ ದಾಸ್ತಾನಿಟ್ಟು, ತಪ್ಪು ಗಾಡಿಗೆ ಹೋಗದಂತೆ ಕಾಯುವುದು ಅಗ್ಗವೋ ಎಂಬ ಲೆಕ್ಕವನ್ನು ಪ್ರತಿಯೊಂದು ಸೌಕರ್ಯಕ್ಕೂ ಬೇರೆಬೇರೆಯಾಗಿ ಹಾಕುತ್ತಾರೆ. ಆದುದರಿಂದ ಪಿಕಪ್ಪಿನಲ್ಲಿ ಇಲ್ಲದಿರುವುವು ಎರಡು ಬಗೆ: ಸ್ಥಳ ಸಿದ್ಧವಾಗಿದ್ದು ವಸ್ತು ಮಾತ್ರ ಬಾರದಿರುವುದು ಒಂದು, ವಸ್ತುವೂ ಇಲ್ಲ, ಅದರ ಬೇರೂ ಇಲ್ಲ ಎಂಬುದು ಇನ್ನೊಂದು. ಹಳೆಯ ಪಿಕಪ್ಪನ್ನು ಕೊಂಡು ಕಾರ್ಖಾನೆಯದೇ ಭಾಗಗಳಿಂದ ಅದನ್ನು ಪೂರ್ಣಗೊಳಿಸಲು ಹೊರಟವನ ಕೆಲಸದ ಮುಕ್ಕಾಲು ಪಾಲು ಈ ಎರಡನ್ನು ಬೇರ್ಪಡಿಸಿ ತಿಳಿಯುವುದರಲ್ಲಿಯೇ ಅಡಗಿದೆ.

ಪಿಕಪ್ ಎಂಬುದು ಹುಟ್ಟಿನಿಂದಲೇ ಅಭಾವದ ವಾಹನ. 1925ರಲ್ಲಿ ಅಮೆರಿಕದ ಫೋರ್ಡ್ ಸಂಸ್ಥೆಯು ತನ್ನ ಮಾಡಲ್ ಟಿ ಗಾಡಿಗೆ ಕಾರ್ಖಾನೆಯಲ್ಲಿಯೇ ಹಿಂಬದಿಯ ಪೆಟ್ಟಿಗೆಯನ್ನು ಕೂಡಿಸಿ 281 ಡಾಲರಿಗೆ ಮಾರಲು ತೊಡಗಿದಾಗ, ರೈತನಿಗೆ ದೊರೆತದ್ದು ತೆರೆದು ಮುಚ್ಚುವ ಹಿಂಬಾಗಿಲು, ಗೂಟ ಸಿಕ್ಕಿಸುವ ಪಕ್ಕದ ಕುಳಿಗಳು, ಭಾರ ಹೊರುವ ಬಲವಾದ ಸ್ಪ್ರಿಂಗುಗಳು. ಕೂರುವವನ ಸುಖಕ್ಕೆ ಸಂಬಂಧಿಸಿದ್ದು ಅಲ್ಲಿ ಏನೂ ಇರಲಿಲ್ಲವೆಂದರೆ ಅತಿಶಯವಲ್ಲ. ಎರಡನೆಯ ಮಹಾಯುದ್ಧ ಮುಗಿದು 1947ರಲ್ಲಿ ಷೆವ್ರೊಲೆ ಹೊರತಂದ ಹೊಸ ಮಾದರಿಯ ಟ್ರಕ್ಕುಗಳಲ್ಲಿಯೂ ಕ್ಯಾಬಿನ ಹಿಂದಣ ಮೂಲೆಗಳ ಬಾಗಿದ ಗಾಜು ಬೇಕೆಂದವನು ಬೇರೆ ಹಣ ತೆರಬೇಕಾಗಿತ್ತು. ರೇಡಿಯೋ, ಚಳಿಗೆ ಬಿಸಿಗಾಳಿಯ ಯಂತ್ರ ಇವುಗಳಿಗೂ ಹಾಗೆಯೇ. ತೋಳಿಗೆ ಆಸರೆ, ಒಳಗಿನ ದೀಪ, ಬಿಸಿಲಿಗೆ ಅಡ್ಡವಾಗುವ ಪಟ್ಟಿ, ಇಂಥ ಅಲ್ಪ ವಸ್ತುಗಳು ಫೋರ್ಡಿನ ಎಫ್-100 ಪಿಕಪ್ಪಿನಲ್ಲಿ ಕೇಳದೆಯೇ ದೊರೆಯತೊಡಗಿದ್ದು 1953ರಲ್ಲಿ ಎಂಬುದನ್ನು ಇಂದು ಓದಿದರೆ ಆಶ್ಚರ್ಯವಾಗುತ್ತದೆ. ಎರಡು ವರ್ಷಗಳ ತರುವಾಯ ಷೆವ್ರೊಲೆಯವರ ಕ್ಯಾಮಿಯೋ ಕ್ಯಾರಿಯರ್ ಬಂದಿತು. ಪೆಟ್ಟಿಗೆಯ ಪಕ್ಕಗಳಿಗೆ ಫೈಬರ್‌ಗ್ಲಾಸಿನ ನುಣುಪು ಹೊದಿಕೆಯನ್ನೂ ಒಳಗೆ ಕಾರಿನಂಥ ಸಜ್ಜನ್ನೂ ತೊಡಿಸಿದ ಅದು, ಪಿಕಪ್ಪನ್ನು ಭಾನುವಾರದ ಚರ್ಚಿಗೂ ಒಯ್ಯಬಹುದೆಂಬ ಭಾವನೆಗೆ ಒಂದು ಆಕಾರ ಕೊಟ್ಟಿತು. ಆದರೂ ಹಿಂದಿನ ಬಂಪರು ಬಹುಕಾಲದವರೆಗೆ ಐಚ್ಛಿಕ ವಸ್ತುವಾಗಿಯೇ ಉಳಿದಿದ್ದಿತು.

ಅಂದಿನಿಂದ ಇಂದಿನವರೆಗೆ ಶ್ರೇಣಿಗಳು ಬೆಳೆಯುತ್ತಲೇ ಬಂದಿವೆ. ಅತ್ತ ಷೆವ್ರೊಲೆಯ ವರ್ಕ್ ಟ್ರಕ್, ಫೋರ್ಡಿನ ಎಕ್ಸ್‌ಎಲ್, ರ‍್ಯಾಮಿನ ಟ್ರೇಡ್ಸ್‌ಮನ್; ಇತ್ತ ಅದೇ ಚೌಕಟ್ಟಿನ ಮೇಲೆ, ಅದೇ ಕವಚದೊಳಗೆ, ಹೈ ಕಂಟ್ರಿ, ಪ್ಲಾಟಿನಂ, ಕಿಂಗ್ ರ‍್ಯಾಂಚ್. ಟೆಕ್ಸಾಸಿನ ಪ್ರಸಿದ್ಧ ದನದ ಹೊಲವೊಂದರ ಹೆಸರು ಹೊತ್ತ ಈ ಕೊನೆಯ ಗಾಡಿಯ ಚರ್ಮದ ಪೀಠದ ಮೇಲೆ ಸಗಣಿ ಮೆತ್ತಿದ ಷರಾಯಿ ಕೂತದ್ದು ಅಪೂರ್ವವೆಂದೇ ನನ್ನ ಊಹೆ. ಕೆಳಗಿನ ಶ್ರೇಣಿಯಲ್ಲಿ ಬಂಪರಿಗೆ ಬಣ್ಣವಿರುವುದಿಲ್ಲ; ಕನ್ನಡಿಯ ಹಿಂಬದಿ ಒರಟು ಕಪ್ಪು; ನೆಲಕ್ಕೆ ಜಮಖಾನೆಯ ಬದಲು ರಬ್ಬರು. ಕಾನೂನು ವಿಧಿಸಿದ್ದನ್ನು ಮಾತ್ರ ಯಾವ ಶ್ರೇಣಿಯಿಂದಲೂ ಕಳೆಯುವಂತಿಲ್ಲ. ಅಮೆರಿಕದಲ್ಲಿ ಹಿಂಬದಿಯ ಎತ್ತರದ ಮೂರನೆಯ ಬ್ರೇಕ್ ದೀಪವು ಕಾರುಗಳಿಗೆ 1986ರ ಮಾದರಿಗಳಿಂದ ಕಡ್ಡಾಯವಾಗಿದ್ದರೂ ಪಿಕಪ್ಪುಗಳಿಗೆ ಬಂದದ್ದು 1994ರ ಮಾದರಿಗಳಿಂದ. ಹಿಂದನ್ನು ತೋರಿಸುವ ಕ್ಯಾಮರ 2018ರ ಮೇ ತಿಂಗಳಿಂದ ಹೊಸ ಲಘುವಾಹನಗಳಿಗೆಲ್ಲ ಕಡ್ಡಾಯವಾದುದರಿಂದ, ತೀರ ಬಡ ಶ್ರೇಣಿಯ ಪಿಕಪ್ಪಿಗೂ ಚಿತ್ರ ತೋರಿಸುವ ಪರದೆಯೊಂದು ಲಭಿಸಿತು.

ಈ ಕೆಳಗಿನ ಶ್ರೇಣಿ ಏಕೆ ಉಳಿದುಕೊಂಡಿದೆ ಎಂಬುದಕ್ಕೆ ಬೆಲೆಯೊಂದೇ ಕಾರಣವಲ್ಲ. ಅದನ್ನು ಕೊಳ್ಳುವವರು ಹೆಚ್ಚಾಗಿ ವಿದ್ಯುತ್ ಕಂಪನಿಗಳು, ಕಟ್ಟಡದ ಗುತ್ತಿಗೆದಾರರು, ನಗರಸಭೆಗಳು. ಹತ್ತಾರು ಗಾಡಿಗಳನ್ನು ಒಮ್ಮೆಗೇ ಕೊಳ್ಳುವ ಅಧಿಕಾರಿಗೆ ಒಂದೊಂದು ಗಾಡಿಯ ಮೇಲೆ ಉಳಿಯುವ ಕೆಲವು ನೂರು ಡಾಲರು ದೊಡ್ಡ ಮೊತ್ತವಾಗಿ ಕಾಣುತ್ತದೆ, ಆ ಗಾಡಿಯಲ್ಲಿ ದಿನವೆಲ್ಲ ಕೂರುವವನ ಮೊಣಕೈ ಅವನಿಗೆ ಕಾಣುವುದಿಲ್ಲ. ಕೊಳ್ಳುವವನೊಬ್ಬ, ಕೂರುವವನೊಬ್ಬ, ಈ ಇಬ್ಬರ ನಡುವಣ ಅಂತರದಲ್ಲಿಯೇ ತೋಳಾಸರೆಯೂ ಕ್ರೂಸ್ ಕಂಟ್ರೋಲೂ ಬಿದ್ದುಹೋಗುತ್ತವೆ. ಕೆಲವು ವರ್ಷ ದುಡಿದ ಮೇಲೆ ಅದೇ ಗಾಡಿಯು ಹರಾಜಿಗೆ ಬಂದು, ತನ್ನ ಹಣದಿಂದಲೇ ಕೊಂಡು ತಾನೇ ಓಡಿಸುವ ಎರಡನೆಯ ಒಡೆಯನ ಕೈಸೇರಿದಾಗ, ಬೇರೆಯಾಗಿದ್ದ ಆ ಇಬ್ಬರೂ ಒಬ್ಬನಲ್ಲಿ ಕೂಡುತ್ತಾರೆ. ಬಿಟ್ಟುಹೋದುದನ್ನು ಕೂಡಿಸುವ ಉದ್ಯೋಗವು ಆರಂಭವಾಗುವುದು ಆಗ. ಇದನ್ನು ಕೆಲವರು ಷೋಕಿಯೆಂದು ಹಗುರವಾಗಿ ಕಾಣುತ್ತಾರೆ. ದೊಡ್ಡ ಗಾಲಿಗಳನ್ನೂ ಗರ್ಜಿಸುವ ಹೊಗೆಕೊಳವೆಯನ್ನೂ ಹಾಕಿಸುವವನ ವಿಷಯದಲ್ಲಿ ಆ ಮಾತು ನಿಜವಿರಬಹುದು. ಆದರೆ ಕಾರ್ಖಾನೆ ಅದೇ ಗಾಡಿಗೆಂದು ರೂಪಿಸಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದ ವಸ್ತುವನ್ನು ಅದರ ಸ್ವಸ್ಥಾನದಲ್ಲಿ ಕೂರಿಸುವವನು ಷೋಕಿದಾರನಲ್ಲ.

ತನ್ನ ಗಾಡಿಯಲ್ಲಿ ಏನುಂಟು ಏನಿಲ್ಲ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕಷ್ಟೆ. ಜನರಲ್ ಮೋಟರ್ಸ್ ಸಂಸ್ಥೆಯವರು ಪ್ರತಿಯೊಂದು ಐಚ್ಛಿಕ ಭಾಗಕ್ಕೂ ಮೂರಕ್ಷರದ ಸಂಕೇತವೊಂದನ್ನು ಕೊಟ್ಟು, ಗಾಡಿಯೊಂದಕ್ಕೆ ಸೇರಿದ ಸಂಕೇತಗಳನ್ನೆಲ್ಲ ಚೀಟಿಯಲ್ಲಿ ಮುದ್ರಿಸಿ ಗ್ಲೋವ್ ಬಾಕ್ಸಿನೊಳಗೆ ಅಂಟಿಸುವ ಪದ್ಧತಿಯನ್ನು ದಶಕಗಳ ಕಾಲ ನಡೆಸಿಕೊಂಡು ಬಂದರು. ಕೆ34 ಎಂದಿದ್ದರೆ ಕ್ರೂಸ್ ಕಂಟ್ರೋಲು, ಎ31 ಎಂದರೆ ವಿದ್ಯುತ್ತಿನಿಂದ ಏರಿಳಿಯುವ ಕಿಟಕಿ, ಎಯು3 ಎಂದರೆ ಬಾಗಿಲ ವಿದ್ಯುತ್ ಬೀಗ, ಎನ್33 ಎಂದರೆ ಬಾಗಿಸಬಹುದಾದ ಸ್ಟಿಯರಿಂಗ್, ಜಿ80 ಎಂದರೆ ಕೆಸರಿನಲ್ಲಿ ಹಿಂದಿನ ಎರಡು ಗಾಲಿಗಳನ್ನೂ ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್. ಹರಾಜಿನಲ್ಲಿ ಕೊಂಡ ಗಾಡಿಯ ಈ ಚೀಟಿಯನ್ನು ಬಲ್ಲವನು ಜಾತಕದಂತೆ ಓದಬಲ್ಲ.

ಇನ್ನು ಕ್ರೂಸ್ ಕಂಟ್ರೋಲನ್ನೇ ಕೊಂಚ ವಿಸ್ತಾರವಾಗಿ ನೋಡೋಣ. ಉಳಿದ ಭಾಗಗಳ ಕಥೆಯೆಲ್ಲ ಅದರಲ್ಲಿ ಅಡಕವಾಗಿದೆ. ಹೆದ್ದಾರಿಯಲ್ಲಿ ವೇಗವನ್ನು ತಾನಾಗಿಯೇ ಸ್ಥಿರವಾಗಿಡುವ ಈ ಸಾಧನವನ್ನು ಕಲ್ಪಿಸಿದವರು, ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಅಮೆರಿಕದ ಇಂಜಿನಿಯರ್ ರಾಲ್ಫ್ ಟೀಟರ್. ಅವರಿಗೆ ಇದರ ಪೇಟೆಂಟ್ ದೊರೆತದ್ದು 1950ರಲ್ಲಿ, ಕ್ರೈಸ್ಲರ್ ಸಂಸ್ಥೆಯ ಇಂಪೀರಿಯಲ್ ಕಾರಿನಲ್ಲಿ ಅದು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಹಳೆಯ ಪಿಕಪ್ಪುಗಳಲ್ಲಿ ಇದನ್ನು ಕೂಡಿಸುವುದೆಂದರೆ ನಿಜವಾಗಿಯೂ ಯಂತ್ರವೊಂದನ್ನು ಕೂಡಿಸಿದಂತೆ: ಇಂಜಿನ್ನಿನ ನಿರ್ವಾತದಿಂದ ಎಳೆಯಲ್ಪಡುವ ಪೊರೆಯ ಡಬ್ಬಿ, ಅದರಿಂದ ಥ್ರಾಟಲಿಗೆ ಹೋಗುವ ಕೇಬಲ್, ವೇಗವನ್ನು ಅಳೆದು ತಿಳಿಸುವ ಸೆನ್ಸರ್, ಇವುಗಳನ್ನು ಆಳುವ ಪೆಟ್ಟಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕನ್ನು ಮುಟ್ಟಿದೊಡನೆ ಹಿಡಿತವನ್ನು ಕಡಿದುಹಾಕುವ ಸ್ವಿಚ್ಚು. ಉಳಿದುದೆಲ್ಲ ಸರಿಯಾಗಿದ್ದು ಈ ಸ್ವಿಚ್ಚೊಂದು ಕೈಕೊಟ್ಟರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ.

ಆದರೆ ಆಕ್ಸಿಲರೇಟರ್ ಪೆಡಲಿಗೂ ಇಂಜಿನ್ನಿಗೂ ನಡುವೆ ಕೇಬಲ್ ಹೋಗಿ ವಿದ್ಯುತ್ ಸಂಕೇತ ಬಂದ ಮೇಲೆ ಪರಿಸ್ಥಿತಿಯು ತಲೆಕೆಳಗಾಯಿತು. ಈಗ ಪೆಡಲ್ ಎಂಬುದು ಕಾಲಿನ ಒತ್ತಡವನ್ನು ಅಳೆಯುವ ಸೆನ್ಸರ್ ಮಾತ್ರ. ಥ್ರಾಟಲನ್ನು ತೆರೆಯುವುದು ಕಂಪ್ಯೂಟರಿನ ಅಪ್ಪಣೆಗೊಳಪಟ್ಟ ಮೋಟರು. ವೇಗವೆಷ್ಟೆಂಬುದು ಆ ಕಂಪ್ಯೂಟರಿಗೆ ಮೊದಲೇ ಗೊತ್ತು, ಬ್ರೇಕ್ ಒತ್ತಿದ್ದೂ ಗೊತ್ತು. ಹಾಗಾದರೆ ಇಲ್ಲದಿರುವುದೇನು? ಸ್ಟಿಯರಿಂಗಿನ ಮೇಲಿನ ನಾಲ್ಕು ಗುಂಡಿಗಳು. ಕೆಲವು ಗಾಡಿಗಳಲ್ಲಿ ಆ ಗುಂಡಿಗಳನ್ನು ತಂದು ಕೂರಿಸಿದೊಡನೆ ಕೆಲಸವಾಗುತ್ತದೆ. ಕೆಲವದರಲ್ಲಿ ಡೀಲರಿನ ಯಂತ್ರವನ್ನು ಜೋಡಿಸಿ ಕಂಪ್ಯೂಟರಿಗೆ ಅನುಮತಿ ಕೊಡಿಸಬೇಕಾಗುತ್ತದೆ. ವಸ್ತುವನ್ನು ಕೊಡದೆ ಹಣ ಉಳಿಸಿದೆವೆಂದರೆ ಅದು ವ್ಯಾಪಾರ, ಒಪ್ಪೋಣ. ಆದರೆ ಸಾಮರ್ಥ್ಯವನ್ನು ಗಾಡಿಯೊಳಗಿಟ್ಟು ಮಾರಿದ ಮೇಲೆ ಅದಕ್ಕೆ ಬೀಗ ಹಾಕುವುದನ್ನು ನ್ಯಾಯವೆನ್ನುವುದು ನನಗೆ ಕಷ್ಟ.

ಆ ಗುಂಡಿಗಳನ್ನು ತಲುಪುವ ದಾರಿಯಲ್ಲಿ ಏರ್‌ಬ್ಯಾಗ್ ಇರುತ್ತದೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಶೇಖರವಾಗಿ ಉಳಿದಿರುವ ವಿದ್ಯುತ್ತು ಇಳಿದ ಮೇಲೆಯೇ ಅದನ್ನು ಮುಟ್ಟತಕ್ಕದ್ದು. ಹಳದಿ ಬಣ್ಣದ ಕನೆಕ್ಟರುಗಳನ್ನು ಕಂಡ ಕಡೆ ಮೀಟರು ಹಿಡಿದು ಪರೀಕ್ಷೆಮಾಡುವ ಕುತೂಹಲ ಬೇಡ. ಮೀಟರಿನ ಅಲ್ಪ ವಿದ್ಯುತ್ತೂ ಏರ್‌ಬ್ಯಾಗನ್ನು ಸ್ಫೋಟಿಸಬಹುದು. ಏರ್‌ಬ್ಯಾಗಿನ ಕೆಳಗೆ ಸುರುಳಿಯಾಗಿ ಸುತ್ತಿದ ತಂತಿಪಟ್ಟಿಯೊಂದಿರುತ್ತದೆ. ಚಕ್ರವು ಎಡಕ್ಕೂ ಬಲಕ್ಕೂ ತಿರುಗಿದಾಗ ತಂತಿ ತುಂಡಾಗದಂತೆ ಕಾಯುವುದು ಅದೇ. ಅಗ್ಗದ ಶ್ರೇಣಿಯ ಸುರುಳಿಯಲ್ಲಿ ಗುಂಡಿಗಳಿಗೆ ಬೇಕಾದ ಎಳೆಗಳೇ ಇಲ್ಲದಿರುವುದುಂಟು; ಆಗ ಸುರುಳಿಯನ್ನೂ ಬದಲಾಯಿಸಿ, ಅದರ ಮಧ್ಯಬಿಂದುವು ತಪ್ಪದಂತೆ ಕೂರಿಸಬೇಕು. ಇದು ನುರಿತವರ ಕೈಗೆ ಬಿಡಬೇಕಾದ ಕೆಲಸ.

ಕೈಯಿಂದ ತಿರುಗಿಸುವ ಕಿಟಕಿಯನ್ನು ವಿದ್ಯುತ್ ಕಿಟಕಿಯಾಗಿಸುವುದು ಅಪಾಯಕರವಲ್ಲದಿದ್ದರೂ ಶ್ರಮಸಾಧ್ಯ. ಗಾಜನ್ನೆತ್ತುವ ಕತ್ತರಿಯಾಕಾರದ ಚೌಕಟ್ಟು ಬೇರೆ, ಮೋಟರು ಬೇರೆ, ಒಳಹೊದಿಕೆಯ ಹಲಗೆ ಬೇರೆ (ಹಳೆಯದರಲ್ಲಿ ಹಿಡಿಕೆಗೆಂದು ಕೊರೆದ ತೂತು ಉಳಿದೇಬಿಡುತ್ತದೆ), ಬಾಗಿಲಿಗೂ ಕಂಬಕ್ಕೂ ನಡುವಣ ರಬ್ಬರು ಕೊಳವೆಯಲ್ಲಿ ನುಸುಳಿಸಬೇಕಾದ ತಂತಿಗಳು ಬೇರೆ. ಹಿಂದೆ ಸ್ವಿಚ್ಚಿನ ಮೂಲಕವೇ ಮೋಟರಿಗೆ ವಿದ್ಯುತ್ತು ಹರಿಯುತ್ತಿತ್ತು. ಈಚಿನ ಗಾಡಿಗಳಲ್ಲಿ ಸ್ವಿಚ್ಚು ಕಳುಹಿಸುವುದು ಸಂದೇಶವನ್ನು ಮಾತ್ರ, ಅದನ್ನು ಕೇಳಿ ನಡೆಸುವ ಘಟಕವು ಇನ್ನೆಲ್ಲಿಯೋ ಇರುತ್ತದೆ, ಅದಕ್ಕೆ ಆ ಭಾಷೆ ಕಲಿಸಿಲ್ಲವಾದರೆ ಎಷ್ಟು ತಂತಿ ಎಳೆದರೂ ಗಾಜು ಏರುವುದಿಲ್ಲ. ಆದುದರಿಂದ ಅನುಭವಿಗಳು ಅಪಘಾತದಲ್ಲಿ ನುಜ್ಜಾದ ಮೇಲಿನ ಶ್ರೇಣಿಯ ಗಾಡಿಯೊಂದರಿಂದ ಇಡೀ ಬಾಗಿಲುಗಳನ್ನೇ ತರುವುದುಂಟು. ಹಾಗೆ ಮಾಡದೆ ತನ್ನ ಬಾಗಿಲನ್ನೇ ಬಿಚ್ಚಿದವನು, ಒಳಹೊದಿಕೆಯ ಹಿಂದೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಬಿರುಕಿಲ್ಲದಂತೆ ಅಂಟಿಸದೆ ಹೋದರೆ, ಮೊದಲ ಮಳೆಗೆ ಕಾಲಬುಡದಲ್ಲಿ ನೀರು ನಿಲ್ಲುತ್ತದೆ.

ಗುಜರಿಯ ಅಂಗಳವೇ ಈ ವಿದ್ಯೆಯ ನಿಜವಾದ ಗ್ರಂಥಭಂಡಾರ. ಯಾವ ಗಾಡಿಯ ಯಾವ ಭಾಗವು ಇನ್ನಾವ ವರ್ಷದ ಇನ್ನಾವ ಗಾಡಿಗೆ ಹೊಂದುತ್ತದೆಂಬುದನ್ನು ತಿಳಿಸುವ ಹಾಲಂಡರ್ ಸೂಚಿಯನ್ನು ಅಮೆರಿಕದ ಗುಜರಿ ವರ್ತಕರು ತಲೆಮಾರುಗಳಿಂದ ಬಳಸುತ್ತಿದ್ದಾರೆ. ಹೊಸ ಗಾಡಿಯನ್ನು ಕೊಂಡ ವಾರದಲ್ಲಿಯೇ ಅದರ ಬಂಪರನ್ನೂ ಗಾಲಿಗಳನ್ನೂ ಕಳಚಿ ಬೇರೆ ಹಾಕಿಸಿಕೊಳ್ಳುವ ಉಳ್ಳವರಿಂದಾಗಿ, ಬಳಸದ ಭಾಗಗಳು ಅರ್ಧ ಬೆಲೆಗೆ ದೊರೆಯುವುದೂ ಉಂಟು. ಆದರೆ ಪ್ಲಾಸ್ಟಿಕ್ಕಿನ ವಿಷಯದಲ್ಲಿ ಎಚ್ಚರ ಬೇಕು: ಬೂದುಬಣ್ಣಗಳಲ್ಲಿ ಎಷ್ಟೋ ಛಾಯೆಗಳು, ಒಂದೇ ಛಾಯೆಯಲ್ಲಿ ಬಿಸಿಲು ಕಂಡದ್ದು ಬೇರೆ ಕಾಣದ್ದು ಬೇರೆ, ಮೇಲ್ಮೈಯ ಕೆತ್ತನೆಯೂ ಶ್ರೇಣಿಯಿಂದ ಶ್ರೇಣಿಗೆ ಬೇರೆ. ಚಳಿಯಲ್ಲಿ ಬಿರುಸಾಗಿರುವ ಹಲಗೆಯನ್ನು ಎಳೆದರೆ ಅದನ್ನು ಹಿಡಿದಿರುವ ಕ್ಲಿಪ್ಪುಗಳು ಸೀಳುತ್ತವೆ; ಬಿಸಿಲಿನಲ್ಲಿ ಗಾಡಿಯನ್ನು ಕೊಂಚ ಕಾಯಿಸಿಕೊಂಡು ಬಿಚ್ಚುವುದು ಜಾಣತನ, ಹೊಸ ಕ್ಲಿಪ್ಪುಗಳನ್ನು ಮೊದಲೇ ತರಿಸಿಟ್ಟುಕೊಳ್ಳುವುದು ಇನ್ನೂ ಹೆಚ್ಚಿನ ಜಾಣತನ.

ಎಲ್ಲಕ್ಕಿಂತ ಹೆಚ್ಚು ಭ್ರಮೆ ಹುಟ್ಟಿಸುವುದು ಟ್ರೇಲರ್ ಎಳೆಯುವ ಕೊಂಡಿ. ನಾಲ್ಕು ಬೋಲ್ಟುಗಳಿಂದ ಅದು ಕೂತುಬಿಡುತ್ತದೆ. ಕೂತದ್ದನ್ನು ಕಂಡು ಒಡೆಯನು ದೋಣಿಯ ಟ್ರೇಲರನ್ನೋ ಕುದುರೆ ಸಾಗಿಸುವ ಟ್ರೇಲರನ್ನೋ ಕಟ್ಟುತ್ತಾನೆ. ಕಾರ್ಖಾನೆಯವರ ಎಳೆಯುವ ಸಜ್ಜಿನಲ್ಲಿ ಕಾಣುವ ಕೊಂಡಿಯೊಂದೇ ಅಲ್ಲ, ಕಾಣದ ಗೇರ್‌ಬಾಕ್ಸ್ ಎಣ್ಣೆಯ ತಂಪುಕಾರಿ, ಬೇರೆ ಅನುಪಾತದ ಹಿಂದಿನ ಆಕ್ಸಲ್, ಟ್ರೇಲರಿನ ಬ್ರೇಕನ್ನು ನಿಯಂತ್ರಿಸುವ ವ್ಯವಸ್ಥೆ ಇವುಗಳೂ ಇರುವುವು. ಕೊಂಡಿ ಕೂಡಿದ ಮಾತ್ರಕ್ಕೆ ಗಾಡಿಯ ಸಾಮರ್ಥ್ಯ ಒಂದು ಕಿಲೋ ಕೂಡ ಏರುವುದಿಲ್ಲ.

ಇದೆಲ್ಲ ಬಹುಮಟ್ಟಿಗೆ ಅಮೆರಿಕದ ಮಾತಾಯಿತು; ನಮ್ಮಲ್ಲಿ ಪಿಕಪ್ಪೆಂದರೆ ಹೆಚ್ಚಾಗಿ ಬಾಡಿಗೆಯ ಸರಕಿನ ಗಾಡಿ. ಬಿಡದಿಯ ಕಾರ್ಖಾನೆಯಿಂದ 2022ರಲ್ಲಿ ಹೊರಬಂದ ಟೊಯೋಟ ಹೈಲಕ್ಸ್, ಸ್ಟ್ಯಾಂಡರ್ಡ್ ಮತ್ತು ಹೈ ಎಂಬ ಶ್ರೇಣಿಗಳಲ್ಲಿ ದೊರೆಯತೊಡಗಿದಾಗ ಅಮೆರಿಕದ ಬಗೆಯ ಶ್ರೇಣಿವ್ಯವಸ್ಥೆ ನಮ್ಮಲ್ಲಿಗೂ ಬಂದಿತೆನ್ನಬಹುದು. ಆದರೆ ಅದು ಹವ್ಯಾಸಿ ಶ್ರೀಮಂತರ ಗಾಡಿ. ಮಂಡಿಯ ಮುಂದೆ ಸಾಲುಗಟ್ಟಿ ನಿಲ್ಲುವ ಬೊಲೆರೊ ಪಿಕಪ್ಪುಗಳ, ಟಾಟಾ ಏಸುಗಳ ಚಾಲಕರು ಕಾರ್ಖಾನೆ ಕೊಡದ್ದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಗಳಿಂದ ತಂದು ಕೂಡಿಸಿಕೊಳ್ಳುವುದು ಹೊಸದೇನಲ್ಲ. ಬಲಗಡೆ ಮಾತ್ರ ಕನ್ನಡಿಯಿಟ್ಟು ಎಡಗಡೆಯದನ್ನು ಬಿಟ್ಟು ಮಾರಿದ ಅಗ್ಗದ ಕಾರುಗಳನ್ನು ನಮ್ಮ ರಸ್ತೆಗಳು ಎಷ್ಟು ಕಂಡಿಲ್ಲ? ಆದರೆ ಬಿಟ್ಟುಹೋದುದನ್ನು ಕೂಡಿಸುವವರು ಕಾನೂನಿನ ಗೆರೆಯನ್ನು ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ನೋಂದಣಿಪತ್ರದಲ್ಲಿ ಕಾಣಿಸಿದ ವಿವರಗಳು ತಯಾರಕನು ಮೂಲದಲ್ಲಿ ಕೊಟ್ಟುದಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಅದನ್ನು ದೃಢಪಡಿಸಿತು. ತೋಳಾಸರೆ, ಬಿಸಿಲುಪಟ್ಟಿ, ಎಡಗನ್ನಡಿ, ನೆಲಹಾಸು ಇವು ಆ ವಿವರಗಳನ್ನು ಮುಟ್ಟುವುದಿಲ್ಲ. ಆದರೆ ಮುಂದೆ ಕಟ್ಟುವ ಉಕ್ಕಿನ ಗಾರ್ಡಿನ ವಿರುದ್ಧ ಕೇಂದ್ರ ಸರಕಾರವು 2017ರ ಡಿಸೆಂಬರಿನಲ್ಲಿ ಸೂಚನೆ ಹೊರಡಿಸಿದೆ. ಗಾಜಿಗೆ ಅಂಟಿಸುವ ಕಪ್ಪು ಫಿಲ್ಮು 2012ರ ತೀರ್ಪಿನಿಂದಲೇ ನಿಷಿದ್ಧ.

ಇಷ್ಟಾದರೂ ನಮ್ಮ ಪಿಕಪ್ಪಿನ ದೊಡ್ಡ ಕೊರತೆ ಕನ್ನಡಿಯೂ ಅಲ್ಲ ತೋಳಾಸರೆಯೂ ಅಲ್ಲ, ತಂಪು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಟ್ರಕ್ಕುಗಳ ಕ್ಯಾಬಿನಿಗೆ ಎ.ಸಿ. ಕಡ್ಡಾಯವೆಂದು ನಿಯಮ ಬಂದಿದೆಯಾದರೂ, ಅದು ಒಟ್ಟು ತೂಕ ಮೂರೂವರೆ ಟನ್ನನ್ನು ಮೀರಿದ ಗಾಡಿಗಳಿಗೆ ಮಾತ್ರ. ಕೋಲಾರದ ಮಂಡಿಯಿಂದ ಟೊಮೇಟೊ ತುಂಬಿಕೊಂಡು ಬೇಸಗೆಯ ನಡುಹಗಲಿನಲ್ಲಿ ಚೆನ್ನೈಯತ್ತ ಇಳಿಯುವ ಸಣ್ಣ ಪಿಕಪ್ಪು ಆ ಗೆರೆಯ ಕೆಳಗೆ ಉಳಿದುಬಿಟ್ಟಿತು. ಎ.ಸಿ.ಯನ್ನು ಆಮೇಲೆ ಕೂಡಿಸುವುದು ಗುಂಡಿ ಕೂರಿಸಿದಂತಲ್ಲ. ಇಂಜಿನ್ನಿಗೆ ಕಂಪ್ರೆಸರೂ ಅದನ್ನು ತಿರುಗಿಸುವ ಬೆಲ್ಟೂ, ರೇಡಿಯೇಟರಿನ ಮುಂದೆ ಕಂಡೆನ್ಸರೂ, ಡ್ಯಾಶ್‌ಬೋರ್ಡಿನೊಳಗೆ ತಂಪುಸುರುಳಿಯೂ, ಇವುಗಳ ನಡುವೆ ಗ್ಯಾಸಿನ ಕೊಳವೆಗಳೂ ಬೇಕು, ಅದರ ವೆಚ್ಚವೂ ಮೂಲದಲ್ಲಿಯೇ ಕೊಂಡುದಕ್ಕಿಂತ ಹಗುರವಾಗಲಾರದು. ಆದುದರಿಂದ ಅದನ್ನು ನಿಶ್ಚಯಿಸಬೇಕಾದದ್ದು ಷೋರೂಮಿನ ಮೇಜಿನ ಮುಂದೆ. ಗಾಡಿ ಬಾಡಿಗೆಗೆ ಓಡುವುದಾದರೆ ಅಲ್ಲಿ ಕೂತು ರುಜು ಹಾಕುವವನು ಮಾಲೀಕ. ಹಾಗೆ ಹೋಗುವಾಗ ಗಾಡಿ ಓಡಿಸಬೇಕಾದವನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಚ್ಚಿಸಿ, ಆ ಪೀಠದಲ್ಲಿ ಅರ್ಧ ಗಂಟೆ ಅವನ ಪಕ್ಕದಲ್ಲಿಯೇ ತಾನೂ ಕೂರುವುದಕ್ಕೆ ಮಾಲೀಕನಿಗೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ.